ಹನ್ನೊಂದು ಕುರಿಯ ಭೂಗೋಳ

ನನ್ನ ಎಂ.ಎ. ಭೂಗೋಳಶಾಸ್ತ್ರಕ್ಕೆ ಆದ ಖರ್ಚು ಹನ್ನೊಂದು ಕುರಿ. ರೂಪಾಯಿಯಲ್ಲಿ ಹೇಳು ಎಂದರೆ ತಡವರಿಸುತ್ತೇನೆ, ಯಾಕೆಂದರೆ ಆ ಸಾಲ ನನಗೆ ಸಿಕ್ಕಿದ್ದೇ ಕುರಿಯ ಲೆಕ್ಕದಲ್ಲಿ, ತೀರಿಸಬೇಕಾಗಿದ್ದೂ ಕುರಿಯ ಲೆಕ್ಕದಲ್ಲಿ. ಕೊಟ್ಟವಳು ನನ್ನ ಅಕ್ಕ. ಗುರುಗುಂಟಾದಲ್ಲಿ ಇರುತ್ತಾಳೆ, ನನಗಿಂತ ಎಂಟು ವರ್ಷ ದೊಡ್ಡವಳು. ಅವಳಿಗೆ ಓದಲು ಬರುವುದಿಲ್ಲ. ಬಸ್ಸು ಎಲ್ಲಿಗೆ ಹೋಗುತ್ತದೆ ಎಂದು ಕಂಡಕ್ಟರನನ್ನು ಕೇಳಿಯೇ ಹತ್ತುತ್ತಾಳೆ.

ನಮ್ಮ ಮಂದಿಯಲ್ಲಿ ಹೆಣ್ಣುಮಗಳನ್ನು ಗಂಡನ ಮನೆಗೆ ಕಳಿಸುವಾಗ ತವರಿನವರು ಬಳುವಳಿ ಎಂದು ನಾಲ್ಕೈದು ಹೆಣ್ಣು ಕುರಿ ಕೊಡುತ್ತಾರೆ. ಅವು ಅವಳ ಸ್ವಂತದವು, ಅವುಗಳ ಮರಿಗಳೂ ಅವಳವೇ. ಗಂಡನ ಹಿಂಡಿನಲ್ಲಿ ಕೂಡಿ ಮೇಯುತ್ತವೆ, ಆದರೆ ಕಿವಿಯಲ್ಲಿ ಕತ್ತರಿಸಿದ ಗುರುತು ಬೇರೆ. ಅಕ್ಕನ ಕುರಿಗಳಿಗೆ ಎಡಗಿವಿಯಲ್ಲಿ ಎರಡು ಕಚ್ಚು. ಅಕ್ಕನ ಗಂಡನನ್ನು ನಾನು ಮಾವ ಎನ್ನುತ್ತೇನೆ; ಅವನು ತನ್ನ ಕುರಿ ಮಾರಿ ಏನು ಬೇಕಾದರೂ ಮಾಡಿಕೊಳ್ಳಲಿ, ಎರಡು ಕಚ್ಚಿನ ಕುರಿಗೆ ಕೈ ಹಾಕುವಂತಿಲ್ಲ. ನಾನು ಬಿ.ಎ. ಮುಗಿಸುವ ಹೊತ್ತಿಗೆ ಅಕ್ಕನ ನಾಲ್ಕು ಕುರಿ ಇಪ್ಪತ್ತಾಗಿದ್ದವು. ಅಪ್ಪ ತೀರಿಕೊಂಡಿದ್ದ. ಅವ್ವ, ಇನ್ನು ಓದಿಸುವುದು ನನ್ನಿಂದ ಆಗದು ಎಂದು ಕೈ ಚೆಲ್ಲಿ ಕುಳಿತಿದ್ದಳು. ಅಕ್ಕ ಹನ್ನೊಂದು ಕುರಿ ಮಾರಿ, ರೊಕ್ಕವನ್ನು ಕುಪ್ಪಸದ ಒಳಗಿಟ್ಟುಕೊಂಡು ಬಂದು ನನ್ನ ಮುಂದೆ ಹಾಕಿದಳು.

"ನೌಕರಿ ಆದಮ್ಯಾಲ ಹನ್ನೊಂದು ಕುರಿ ಕೊಡು," ಎಂದಳು. "ರೊಕ್ಕ ಕೊಡಬ್ಯಾಡ. ರೊಕ್ಕ ಆದ್ರ ನಿಮ್ಮ ಮಾವನ ಕಿಸೇದಾಗ ಹೊಕ್ಕತೈತಿ. ಕುರಿ ಆದ್ರ ನನ್ನ ಗುರುತು ಹಾಕ್ಕೋತೀನಿ."

"ಕೊಡ್ತೀನಿ ಬಿಡಕ್ಕ. ಹನ್ನೊಂದ್ಯಾಕ, ಇಪ್ಪತ್ತು ಕೊಡ್ತೀನಿ," ಎಂದೆ. ಇಪ್ಪತ್ತೊಂದು ವರ್ಷದ ಹುಡುಗಿ, ಬಾಯಿಗೆ ಬಂದದ್ದು ಹೇಳಿದೆ.

ಆಗ ಒಂದು ಹೆಣ್ಣು ಕುರಿಗೆ ಮೂರೂವರೆ ಸಾವಿರವಿತ್ತು. ಈಗ ಹನ್ನೊಂದು, ಹನ್ನೆರಡು ಸಾವಿರ. ಎಂ.ಎ. ಮಾಡಿದ ನನಗೆ ಇದು ಹೊಳೆಯಲಿಲ್ಲ ಎಂದರೆ ನಗಬೇಡಿ. ರೂಪಾಯಿಯಲ್ಲಿ ತಂದ ಸಾಲವಾಗಿದ್ದರೆ ಎಂದೋ ತೀರಿಸಿ ಕೈ ತೊಳೆದುಕೊಳ್ಳುತ್ತಿದ್ದೆ. ಕುರಿಯಲ್ಲಿ ತಂದ ಸಾಲ ಸಂತೆಯ ರೇಟು ಹಿಡಿದುಕೊಂಡು ಏರುತ್ತಾ ಹೋಯಿತು, ನನ್ನ ಪಗಾರ ಇದ್ದಲ್ಲೇ ಕುಳಿತಿತು.

ಪಗಾರದ ಕಥೆಯನ್ನೂ ಹೇಳಿಬಿಡುತ್ತೇನೆ. ಎಂ.ಎ. ಮುಗಿದು ಒಂದು ವರ್ಷ ಖಾಲಿ ಅಲೆದೆ. ಆಮೇಲೆ ಮಸ್ಕಿಯ ಕಡೆ ಒಂದು ಖಾಸಗಿ ಡಿಗ್ರಿ ಕಾಲೇಜಿನಲ್ಲಿ ಪಾಠ ಮಾಡಲು ಕರೆದರು. ಸರ್ಕಾರದ ಅನುದಾನವಿಲ್ಲದ ಕಾಲೇಜು. ತಿಂಗಳಿಗೆ ಐದು ಸಾವಿರ. ಹನ್ನೊಂದು ವರ್ಷದಲ್ಲಿ ಅದು ತೆವಳಿಕೊಂಡು ಹನ್ನೆರಡು ಸಾವಿರಕ್ಕೆ ಬಂತು. ವರ್ಷಕ್ಕೆ ಹತ್ತು ತಿಂಗಳು ಮಾತ್ರ. ರಜೆಯಲ್ಲಿ ನಾವು ಯಾರೋ, ಅವರು ಯಾರೋ. ಆ ಹತ್ತರಲ್ಲೂ ಮೂರು ನಾಲ್ಕು ತಿಂಗಳದ್ದು ಸದಾ ಬಾಕಿ. ಸರ್ಕಾರಿ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ ಆಗೋಣ ಎಂದರೆ ಅಲ್ಲಿಗೂ ನೆಟ್ ಪಾಸಾದವರ ಸಾಲು ಉದ್ದವಿದೆ. ನೆಟ್ ಪರೀಕ್ಷೆಯನ್ನು ಐದು ಸಲ ಬರೆದೆ. ಐದನೆಯ ಸಲ ಎರಡು ಮಾರ್ಕಿನಲ್ಲಿ ಹೋಯಿತು. ಆ ದಿನ ಮನೆಗೆ ಬಂದು ಒಲೆಯ ಮೇಲಿದ್ದ ಸಾರಿನ ಪಾತ್ರೆಯನ್ನು ಎತ್ತಿ ಗೋಡೆಗೆ ಎಸೆದೆ. ನನ್ನ ಗಂಡ ಸಿಂಧನೂರಿನ ಒಂದು ರೈಸ್ ಮಿಲ್ಲಿನಲ್ಲಿ ತೂಕದ ಗುಮಾಸ್ತ. ಪಾಪದ ಮನುಷ್ಯ. ಗೋಡೆ ಒರೆಸಿ, ಅಂಗಡಿಯಿಂದ ಮೊಸರು ತಂದು ಉಂಡ.

ಹೀಗಾಗಿ ವರ್ಷಕ್ಕೆ ಒಂದು ಕುರಿ ಉಳಿಸುವುದು ದೊಡ್ಡ ಮಾತಾಯಿತು. ಹನ್ನೊಂದು ವರ್ಷದಲ್ಲಿ ನಾನು ಅಕ್ಕನಿಗೆ ಹಿಂದಿರುಗಿಸಿದ್ದು ಮೂರು ಕುರಿ. ಎಂಟು ಬಾಕಿ.

ಒಂದು ಸಲ ಜನಸಂಖ್ಯೆ ಬೆಳವಣಿಗೆಯ ಪಾಠ ಮಾಡುವಾಗ, ಬುದ್ಧಿ ಎಲ್ಲಿಟ್ಟಿದ್ದೆನೋ, ಹುಡುಗರಿಗೆ ಒಂದು ಲೆಕ್ಕ ಕೊಟ್ಟೆ. ಹನ್ನೊಂದು ಹೆಣ್ಣು ಕುರಿ ಇವೆ, ವರ್ಷಕ್ಕೊಂದು ಮರಿ ಹಾಕುತ್ತವೆ, ಮರಿಗಳಲ್ಲಿ ಅರ್ಧ ಹೆಣ್ಣು, ಇಷ್ಟು ಸಾಯುತ್ತವೆ, ಇಷ್ಟು ಮಾರುತ್ತೇವೆ. ಹದಿನಾಲ್ಕು ವರ್ಷಕ್ಕೆ ಎಷ್ಟಾಗುತ್ತವೆ? ನನ್ನ ಕ್ಲಾಸಿನಲ್ಲಿ ಏಳೇ ಜನ. ಏಳೂ ಜನ ತಲೆ ಬಗ್ಗಿಸಿ ಲೆಕ್ಕ ಹಾಕಿದರು. ನೂರು ದಾಟಿತು. "ಮಿಸ್, ಇದು ಹಟ್ಟಿ ಅಲ್ರೀ, ಒಂದು ಊರ ಆತಲ್ರೀ!" ಎಂದು ಒಬ್ಬಳು ನಕ್ಕಳು. ನಾನೂ ನಕ್ಕೆ, ಬೋರ್ಡಿನ ಕಡೆ ತಿರುಗಿ ಅದನ್ನು ಒರೆಸಿದೆ.

ಡಿಗ್ರಿಯಿಂದ ಏನೂ ಸಿಗಲಿಲ್ಲ ಎಂದರೆ ಅದೂ ಸುಳ್ಳು. ಸಿಂಧನೂರಿನಿಂದ ಬಸ್ಸು ಹೊರಟರೆ ಎರಡೂ ಕಡೆ ಕಾಲುವೆ ನೀರಿನ ಭತ್ತ, ಕಣ್ಣು ತುಂಬುವ ಹಸಿರು. ಮಸ್ಕಿ ದಾಟಿ ಲಿಂಗಸುಗೂರಿನ ಕಡೆ ಹೋದಂತೆ ಕಾಲುವೆ ಕೈ ಬಿಡುತ್ತದೆ; ಕಪ್ಪು ಹೊಲ, ತೊಗರಿ, ಸಜ್ಜೆ, ಆಮೇಲೆ ಬಂಡೆ, ಜಾಲಿ, ಕುರಿ. ಒಂದೇ ಕಿಟಕಿಯಲ್ಲಿ ಎರಡು ಲೋಕ. ನೀರು ಎಲ್ಲಿಯವರೆಗೆ ಬಂದು ನಿಂತಿತು, ಯಾಕೆ ನಿಂತಿತು, ಒಂದು ಊರಿನ ಹುಡುಗಿಗೆ ಬುಲೆಟ್ ಬೈಕಿನ ಗಂಡ, ಮೂವತ್ತು ಮೈಲಿ ಆಚೆಯ ಹುಡುಗಿಗೆ ಹಿಂಡಿನ ಹಿಂದೆ ಹೋಗುವ ಗಂಡ ಯಾಕೆ ಎಂದು ನಾನು ಕಿಟಕಿಯಲ್ಲಿ ಕೂತು ಓದಬಲ್ಲೆ. ಅದು ನನಗೆ ಇಷ್ಟ. ಖರೇನೇ ಇಷ್ಟ. ಆದರೆ ಕಿಟಕಿಯಲ್ಲಿ ಕಂಡದ್ದನ್ನು ಹೇಳಿದರೆ ಕಿರಾಣಿ ಅಂಗಡಿಯವನು ಎಣ್ಣೆ ಕೊಡುತ್ತಾನೆಯೇ?

ಇನ್ನು ನಾನು ಮಾಡಿದ ತಪ್ಪು. ಮೊದಲ ಸಲ ಕಾಲೇಜಿನ ಕಾಗದ ಕೈಗೆ ಬಂದಾಗ ಅರ್ಧ ಕಿಲೋ ಪೇಡೆ ಕಟ್ಟಿಸಿಕೊಂಡು ಗುರುಗುಂಟಾಕ್ಕೆ ಓಡಿದೆ. ಕಾಗದದಲ್ಲಿ ಏನು ಬರೆದಿದೆ ಎಂದು ಅಕ್ಕ ಕೇಳಲಿಲ್ಲ. ಪೇಡೆಯನ್ನು ಚೂರು ಚೂರು ಮಾಡಿ ಇಡೀ ಓಣಿಗೆ ಹಂಚಿದಳು. "ನನ್ನ ತಂಗಿ ಕಾಲೇಜಿನ್ಯಾಗ ಲೆಕ್ಚರರ್ ಆಗ್ಯಾಳ್ರೀ!" ಎಂದು ಕೂಗಿ ಹೇಳಿದಳು. ಪಕ್ಕದ ಮನೆಯ ಮುದುಕಿ, "ಪಗಾರ ಎಷ್ಟು ಬರತೈತವ್ವ? ಲಕ್ಷ ಬರತೈತೇನು?" ಎಂದಳು. ನಾನು ಹೌದೆನ್ನಲಿಲ್ಲ. ಇಲ್ಲವೂ ಎನ್ನಲಿಲ್ಲ. ಸುಮ್ಮನೆ ನಕ್ಕೆ. ಅಕ್ಕನ ಮುಖ ಆ ಹೊತ್ತಿನಲ್ಲಿ ಹೇಗಿತ್ತೆಂದರೆ, ಅದರ ಮುಂದೆ ಐದು ಸಾವಿರ ಎನ್ನಲು ನನ್ನ ನಾಲಿಗೆ ಹೊರಳಲಿಲ್ಲ.

ಆ ದಿನ ಹೇಳದ್ದನ್ನು ಮರುದಿನ ಹೇಳಬಹುದಿತ್ತು, ಮರುವರ್ಷ ಹೇಳಬಹುದಿತ್ತು. ಹೇಳಲಿಲ್ಲ. ಅಕ್ಕನೂ ಉಳಿದ ಕುರಿ ಎಲ್ಲಿ ಎಂದು ಒಂದು ದಿನವೂ ಬಾಯಿ ಬಿಟ್ಟು ಕೇಳಲಿಲ್ಲ. ಕೇಳಿದ್ದರೆ ಜಗಳವಾಡಿಯಾದರೂ ನಿಜ ಹೊರಗೆ ಬರುತ್ತಿತ್ತು.

ಅವಳಿಗೆ ಒಬ್ಬಳೇ ಮಗಳು. ನನ್ನ ಸಾಲ ಹುಟ್ಟಿದಾಗ ಏಳು ವರ್ಷದವಳು. ನನ್ನನ್ನು ಚಿಗವ್ವ ಎನ್ನುತ್ತಾಳೆ. ರಜೆಗೆ ಸಿಂಧನೂರಿಗೆ ಬಂದರೆ ನನ್ನ ನಕಾಶೆಗಳನ್ನು ನೆಲದ ತುಂಬಾ ಹಾಸಿಕೊಂಡು ಅದರ ಮೇಲೆಯೇ ಮಲಗುವಳು. ಒಂದು ಸಲ ಕಾಲೇಜಿಗೂ ಕರೆದುಕೊಂಡು ಹೋಗಿ ನನ್ನ ಕುರ್ಚಿಯಲ್ಲಿ ಕೂಡಿಸಿದೆ. ಗುಡ್ಡದ ಎತ್ತರ ತೋರಿಸುವ ಗೆರೆಗಳನ್ನು ಅವಳಿಗೆ ಗುರುಗುಂಟಾದ ಗುಡ್ಡಗಳನ್ನೇ ತೋರಿಸಿ ಕಲಿಸಿದೆ. ಮೂರೇ ದಿನದಲ್ಲಿ ತನ್ನ ಅಪ್ಪ ಕುರಿ ಮೇಯಿಸುವ ದಾರಿಯನ್ನೆಲ್ಲ ಗೆರೆಯಲ್ಲಿ ಬರೆದು ತಂದಳು. ಅಷ್ಟು ಚುರುಕು. ಪಿಯುಸಿ ಆದಮೇಲೆ ಏನು ತೆಗೆದುಕೊಳ್ಳಲಿ ಎಂದು ಕೇಳಿದಾಗ, "ಭೂಗೋಳ ತಗೋ, ನನ್ನಂಗ ಆಗು," ಎಂದೆ. ಇದನ್ನು ನಾನೇ ಹೇಳಿದೆ, ಬೇರೆ ಯಾರೂ ಅಲ್ಲ. ಒಬ್ಬ ಹುಡುಗಿ ನನ್ನಂತಾಗಬೇಕು ಎಂದು ಬಯಸುವುದು ಎಷ್ಟು ಹಿತವಾಗಿತ್ತೆಂದರೆ, ನಾನು ಏನಾಗಿದ್ದೇನೆ ಎಂಬುದನ್ನು ಆ ಗಳಿಗೆಯಲ್ಲಿ ಮರೆತೇ ಬಿಟ್ಟಿದ್ದೆ.

ಅವಳು ಲಿಂಗಸುಗೂರಿನಲ್ಲಿ ಬಿ.ಎ. ಮುಗಿಸಿದಳು. ಒಳ್ಳೆಯ ಮಾರ್ಕು ತೆಗೆದಳು. ಹೋದ ವರ್ಷ ಅವಳಿಗೆ ಎಂ.ಎ. ಭೂಗೋಳಕ್ಕೆ ಸೀಟು ಬಂತು.

ಅಕ್ಕ ಫೋನು ಮಾಡಿದಳು. ದನಿಯಲ್ಲಿ ಹಬ್ಬ. "ಲೇ, ಸೀಟು ಆತು! ಫೀಸು, ಹಾಸ್ಟೆಲ್ಲು ಅಂತ ಐವತ್ತು ಸಾವಿರ ಬೇಕಂತ. ಈ ವಾರದಾಗ ಕಟ್ಟಬೇಕಂತ. ಆರು ಕುರಿ ಅದಾವಲ್ಲ, ಮಾರಿ ಬಿಡ್ತೀನಿ. ಸಂತಿ ದಿನ ಲಿಂಗಸುಗೂರಿಗೆ ಬಾ, ದಲ್ಲಾಳಿ ಮೋಸ ಮಾಡಬಾರದು."

ಇಪ್ಪತ್ತು ಕುರಿ ಇದ್ದ ಅಕ್ಕನಿಗೆ ಈಗ ಉಳಿದಿದ್ದು ಆರು. ಹನ್ನೊಂದು ನನ್ನ ಓದಿಗೆ, ಮಿಕ್ಕವು ಮಗಳ ಓದಿಗೆ, ಮನೆಯ ಮೇಲಿನ ತಗಡಿನ ಪತ್ರಾಸಿಗೆ, ಒಂದು ಮಳೆಗಾಲ ಬಂದ ರೋಗಕ್ಕೆ ಹೋಗಿದ್ದವು. ಈ ಆರೂ ಹೋದರೆ ಎರಡು ಕಚ್ಚಿನ ಕುರಿ ಊರಿನಲ್ಲಿ ಒಂದೂ ಇರುವುದಿಲ್ಲ. ಗಂಡ ಕೊಟ್ಟರೆ ಉಂಟು, ಇಲ್ಲವಾದರೆ ಇಲ್ಲ ಎನ್ನುವ ಹೆಂಗಸಾಗುತ್ತಾಳೆ. ನಲವತ್ತಮೂರನೆಯ ವಯಸ್ಸಿನಲ್ಲಿ. ಯಾತಕ್ಕಾಗಿ? ಅವಳ ಮಗಳು ಇನ್ನೊಬ್ಬ ನಾನಾಗಲಿ ಎಂದು.

"ಸ್ವಲ್ಪ ತಡಿ ಅಕ್ಕ," ಎಂದೆ.

"ತಡಿಯೋದೇನು? ನಿನಗ ಮಾಡಿದ್ದು ಆಕಿಗೆ ಮಾಡಬಾರದೇನು?"

ಸಂತೆಗೆ ಮೂರು ದಿನವಿತ್ತು. ಅಷ್ಟರೊಳಗೆ ನಾನೇ ಐವತ್ತು ಸಾವಿರ ಹೊಂದಿಸಿದರೆ ಕುರಿಯೂ ಉಳಿಯುತ್ತದೆ, ನನ್ನ ಮುಖವೂ ಉಳಿಯುತ್ತದೆ ಎಂದುಕೊಂಡೆ. ಮುಂದಿನದು ಮುಂದೆ. ಗಂಡನನ್ನು ಕೇಳಿದೆ. "ಮಾಲಕರ ಹತ್ರ ಮೊದಲ ತಗೊಂಡದ್ದ ತೀರಿಲ್ಲ. ಇನ್ನ ಹೆಂಗ ಕೇಳ್ಲಿ?" ಎಂದ. ನನ್ನ ಕಿವಿಯೋಲೆ ಆಗಲೇ ಅಡವಿನಲ್ಲಿದ್ದವು. ಉಳಿದದ್ದು ಕಾಲೇಜಿನ ನಾಲ್ಕು ತಿಂಗಳ ಬಾಕಿ ಪಗಾರ, ನಲವತ್ತೆಂಟು ಸಾವಿರ. ಹೆಚ್ಚುಕಡಿಮೆ ಬೇಕಾದಷ್ಟೇ! ದೇವರೇ ಲೆಕ್ಕ ಹಾಕಿ ಇಟ್ಟಿದ್ದಾನೆ ಅನಿಸಿತು. ಮರುದಿನ ಮಸ್ಕಿಗೆ ಹೋಗಿ ಕಾಲೇಜಿನ ಕಾರ್ಯದರ್ಶಿಯ ಮುಂದೆ ನಿಂತೆ.

ಅವರು ಒಳ್ಳೆಯ ಮಾತಿನವರು. ಕೂಡಿಸಿ ಚಹಾ ತರಿಸಿದರು. "ಪಗಾರ ಎಲ್ಲಿ ಹೋಗ್ತದ್ರೀ, ನಮ್ಮ ಹತ್ರಾನ ಐತಲ್ಲ. ಹುಡುಗರ ಸ್ಕಾಲರ್‌ಶಿಪ್ ಬರಲಿ, ಫೀಸು ಕಟ್ತಾರ, ಕೊಡ್ತೀವಿ," ಎಂದರು.

"ಸರ್, ನನಗ ಎರಡು ದಿನದಾಗ ಬೇಕ್ರೀ. ಅರ್ಧಾನರ ಕೊಡ್ರೀ."

ಅವರು ಕಪ್ಪು ಕೆಳಗಿಟ್ಟರು. "ಇನ್ನೊಂದು ಮಾತು ಹೇಳಬೇಕಾಗಿತ್ತು ನಿಮಗ. ಬರೋ ವರ್ಷದಿಂದ ಭೂಗೋಳ ಬಂದ್ ಮಾಡಾಕತ್ತೀವ್ರೀ. ಏಳು ಹುಡುಗರಿಗೆ ಒಂದು ಖೋಲಿ, ಒಬ್ಬ ಲೆಕ್ಚರರ್ ಅಂದ್ರ ನುಕ್ಸಾನು ಆಗತೈತಿ. ನೀವ ವಿಚಾರ ಮಾಡ್ರಿ."

ನಾನು ವಿಚಾರ ಮಾಡಲಿಲ್ಲ. ಚಹಾ ಕುಡಿದೆ. ಅದು ಯಾಕೆ ಕುಡಿದೆನೋ ಇವತ್ತಿಗೂ ಗೊತ್ತಿಲ್ಲ. ಹೊರಗೆ ಬಂದು ಬಸ್ ಸ್ಟ್ಯಾಂಡಿನ ಕಟ್ಟೆಯ ಮೇಲೆ ಕೂತೆ. ಸಿಂಧನೂರಿನ ಮೂರು ಬಸ್ಸು ಕಣ್ಣ ಮುಂದೆ ಹೋದವು. ಸತ್ತುಹೋಗು ಎಂದು ನನಗೆ ನಾನೇ ಶಾಪ ಹಾಕಿಕೊಂಡೆ. ಮೂವತ್ತೈದು ವರ್ಷಕ್ಕೆ ನನ್ನ ಕೈಯಲ್ಲಿ ಎಂಟು ಕುರಿಯ ಸಾಲ, ನಾಲ್ಕು ತಿಂಗಳ ಬಾಕಿ, ಮುಂದಿನ ವರ್ಷಕ್ಕೆ ಬಾಗಿಲು ಹಾಕುವ ಒಂದು ವಿಷಯ.

ಸಂತೆಯ ದಿನ ಬೆಳಿಗ್ಗೆ ಲಿಂಗಸುಗೂರಿಗೆ ಹೋದೆ. ಅಕ್ಕ ಆರು ಕುರಿಯನ್ನೂ ಒಂದೇ ಹಗ್ಗಕ್ಕೆ ಕೊರಳು ಕಟ್ಟಿ ನಿಲ್ಲಿಸಿಕೊಂಡಿದ್ದಳು. ಮೈ ತೊಳೆದು ತಂದಿದ್ದಳು. ಮಗಳು ಹೊಸ ಚೂಡಿದಾರ ಹಾಕಿಕೊಂಡು, ಕೈಯಲ್ಲಿ ಸೀಟಿನ ಕಾಗದವನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಹಿಡಿದಿದ್ದಳು. "ಚಿಗವ್ವ, ಅಲ್ಲಿ ಉಪಗ್ರಹದ ಚಿತ್ರ ನೋಡೋದು ಕಲಸ್ತಾರಂತ!" ಎಂದಳು. ಮಾವ ದೂರದಲ್ಲಿ ಬೀಡಿ ಸೇದುತ್ತಾ ಕುಳಿತಿದ್ದ. "ಆಕಿ ಕುರಿ, ಆಕಿ ಮಗಳು. ನನ್ನೇನ್ ಕೇಳ್ತೀರಿ?" ಎಂಬುದು ಅವನ ಮಾತು.

ಕುರಿ ಸಂತೆಯಲ್ಲಿ ಬೆಲೆಯನ್ನು ಬಾಯಲ್ಲಿ ಹೇಳುವುದಿಲ್ಲ. ಕೈ ಮೇಲೆ ಟವೆಲ್ ಹಾಕಿಕೊಂಡು ಅದರ ಕೆಳಗೆ ಒಬ್ಬರ ಬೆರಳನ್ನು ಇನ್ನೊಬ್ಬರು ಹಿಡಿಯುತ್ತಾರೆ. ಒಂದು ಬೆರಳು ಹಿಡಿದರೆ ಒಂದು, ಇಡೀ ಕೈ ಹಿಡಿದರೆ ಐದು. ಸುತ್ತ ನಿಂತವರಿಗೆ ಏನೂ ತಿಳಿಯುವುದಿಲ್ಲ. ಹೆಂಗಸರು ಇದಕ್ಕೆ ಗಂಡಸರನ್ನು ಮುಂದೆ ಮಾಡುತ್ತಾರೆ, ಅಕ್ಕ ಮಾಡುವುದಿಲ್ಲ. ಅವಳು ತನ್ನ ಸೆರಗನ್ನೇ ಕೈ ಮೇಲೆ ಹಾಕಿಕೊಳ್ಳುತ್ತಾಳೆ. ಮುದುಕ ದಲ್ಲಾಳಿಗೆ ಅವಳ ರೂಢಿ ಗೊತ್ತು. ಸೆರಗಿನ ಕೆಳಗೆ ಕೈ ಹಾಕಿದ. ಅಕ್ಕ ಕೈ ಕೊಡವಿದಳು. "ಏನ್ ಕಾಕಾ, ಕೋಳಿ ಕೊಳ್ಳಾಕ ಬಂದೀಯೇನು?" ಎಂದಳು. ಮತ್ತೆ ಹಿಡಿದ. ಮತ್ತೆ ಕೊಡವಿದಳು. ನಾಲ್ಕನೆಯ ಸಲಕ್ಕೆ ಕೈ ನಿಂತಿತು. ಅರವತ್ತಾರು ಸಾವಿರಕ್ಕೆ ಆರು. ದಲ್ಲಾಳಿ ಮುಂಗಡವೆಂದು ಐನೂರು ಕೊಟ್ಟು, ಉಳಿದದ್ದನ್ನು ತರಲು ಖರೀದಿದಾರನ ಬಳಿ ಹೋದ.

ಅಕ್ಕ ಕುರಿಗಳ ಮೈ ಸವರುತ್ತಾ ನಿಂತಳು. ಒಂದರ ಬಾಯಿಗೆ ತನ್ನ ಕೈಬೆರಳು ಕೊಟ್ಟಳು. ಅದು ಚೀಪಿತು. ಅವಳ ಕಣ್ಣಲ್ಲಿ ನೀರಿರಲಿಲ್ಲ. ಅಳುವ ಹೆಂಗಸಲ್ಲ ಅವಳು. ನನಗೆ ಇನ್ನು ತಡೆಯಲಾಗಲಿಲ್ಲ.

"ಅಕ್ಕಾ, ಮಾರಬ್ಯಾಡ."

"ಯಾಕ? ರೇಟು ಕಮ್ಮಿ ಆತೇನು?"

"ರೇಟು ಅಲ್ಲ. ನನ್ನ ಪಗಾರ ಎಷ್ಟಂತ ನೀ ಯಾವತ್ತೂ ಕೇಳಿಲ್ಲ."

ಅಕ್ಕ ನನ್ನ ಮುಖ ನೋಡಿದಳು. ಸುತ್ತ ಗುರುಗುಂಟಾದವರು ನಾಲ್ಕೈದು ಜನ ನಿಂತಿದ್ದರು. ನಾನು ಅವರತ್ತ ನೋಡಿದ್ದನ್ನು ಅವಳು ಕಂಡಿರಬೇಕು. ಸೆರಗನ್ನು ಬಿಚ್ಚಿ ತನ್ನ ಕೈ ಮೇಲೆ ಹಾಕಿಕೊಂಡು ನನ್ನ ಕಡೆ ಚಾಚಿದಳು.

"ಬೆರಳಾಗ ಹೇಳು."

ನಾನು ಸೆರಗಿನ ಕೆಳಗೆ ಕೈ ಹಾಕಿದೆ. ಅಕ್ಕನ ಅಂಗೈ ಗಟ್ಟಿಯಾಗಿತ್ತು, ಕುರಿಯ ಉಣ್ಣೆಯ ಜಿಡ್ಡಿತ್ತು. ಇಡೀ ಕೈ ಹಿಡಿದೆ. ಬಿಟ್ಟು ಮತ್ತೆ ಇಡೀ ಕೈ ಹಿಡಿದೆ. ಆಮೇಲೆ ಎರಡು ಬೆರಳು.

"ಹನ್ನೆರಡು ಸಾವಿರ," ಎಂದಳು ಮೆಲ್ಲಗೆ. ಕಾಯುತ್ತಾ ನಿಂತಳು. "ಮುಂದ?"

"ಅಷ್ಟ."

"ವರ್ಷಕ್ಕ ಎಷ್ಟು ತಿಂಗಳ?"

ಇಡೀ ಕೈ, ಇಡೀ ಕೈ.

"ಅದರಾಗ ಬಾಕಿ?"

ನಾಲ್ಕು ಬೆರಳು.

"ಎಷ್ಟು ವರ್ಷ ಆತು ಹಿಂಗ?"

ಇಡೀ ಕೈ, ಇಡೀ ಕೈ, ಒಂದು ಬೆರಳು. ಅಕ್ಕನ ಕೈ ನನ್ನ ಕೈಯೊಳಗೆ ಸಡಿಲವಾಯಿತು. ಬರುವ ವರ್ಷ ಅದೂ ಇಲ್ಲ ಎನ್ನುವುದನ್ನು ಬೆರಳಲ್ಲಿ ಹೇಳಲು ಬರಲಿಲ್ಲ, ಬಾಯಲ್ಲೇ ಹೇಳಿದೆ. ಹೇಳುತ್ತಾ ಹೇಳುತ್ತಾ ಸಂತೆಯ ನಡುವೆ ಅತ್ತುಬಿಟ್ಟೆ.

ಅಕ್ಕ ಸೆರಗು ಎಳೆದುಕೊಂಡು ಸೊಂಟಕ್ಕೆ ಸಿಕ್ಕಿಸಿದಳು. ದನಿ ಏರಿತು, ಯಾರು ಕೇಳಿದರೂ ಕೇಳಲಿ ಎನ್ನುವಂತೆ.

"ಹನ್ನೊಂದು ವರ್ಷ! ಓಣಿ ಮಂದಿ ನನಗ ಏನಂದ್ರು ಗೊತ್ತೇನು ನಿನಗ? ನಿನ್ನ ತಂಗಿ ಲಕ್ಷ ಎಣಸ್ತಾಳ, ನಿನ್ನ ಕುರಿ ನುಂಗಿ ನೀರು ಕುಡದಾಳ ಅಂದ್ರು. ನಾ ಏನಂದೆ? ಮನಿ ಕಟ್ಟಾಕತ್ತಾಳ, ಕೊಡ್ತಾಳ ಬಿಡ್ರಿ ಅಂದೆ. ನೀ ಕೊಡಲಿಲ್ಲ ಅಂತಲ್ಲ ಬೇ. ನೀ ಸೊಕ್ಕಿಗೆ ಬಂದೀ, ಅಕ್ಕನ್ನ ಮರತೀ ಅಂತ ನಾನೂ ಎಷ್ಟೋ ಸಲ ನಿನ್ನ ಬೈಕೊಂಡೀನಿ. ನಿನಗ ಹೊಟ್ಟಿಗೆ ಇಲ್ಲಂತ ಒಂದು ಮಾತು ಹೇಳಿದ್ರ ನಾ ಏನ್ ನಿನ್ನ ಕೊಲ್ತಿದ್ನೇನು?"

ನನ್ನ ಮರ್ಯಾದೆ ಉಳಿಸಿಕೊಳ್ಳಲು ಅಕ್ಕನ ಮರ್ಯಾದೆಯನ್ನು ಹನ್ನೊಂದು ವರ್ಷ ಓಣಿಯ ಬಾಯಿಗೆ ಹಾಕಿದ್ದೆ. ಇಷ್ಟು ದಿನ ಅದು ನನಗೆ ತಿಳಿದೇ ಇರಲಿಲ್ಲ.

ದಲ್ಲಾಳಿ ನೋಟಿನ ಕಟ್ಟು ಹಿಡಿದುಕೊಂಡು ಬಂದ. ಅಕ್ಕ ಅವನ ಐನೂರನ್ನು ಅವನ ಕಿಸೆಗೆ ತುರುಕಿದಳು. "ಇಲ್ಲ ಕಾಕಾ. ಯಾಪಾರ ಮುರದೀನಿ," ಎಂದಳು. ಅವನು ಮುಂಗಡ ಹಿಡಿದ ಕೈ ತಿರುಗಿಸುವುದು ಸಂತೆಯ ಪದ್ಧತಿಯಲ್ಲ ಎಂದು ಕೂಗಾಡಿದ. ಅಕ್ಕ ಹಗ್ಗ ಬಿಡಲಿಲ್ಲ.

ಮಗಳು ಕಾಗದ ಎದೆಗೆ ಒತ್ತಿಕೊಂಡು ನಿಂತಿದ್ದಳು. ಅವಳು ಅವ್ವನನ್ನು ನೋಡಲಿಲ್ಲ, ನನ್ನನ್ನು ನೋಡಿದಳು.

"ಚಿಗವ್ವ, ನೀ ಓದಾಕ ಹೋಗೋ ಮುಂದ ನಮ್ಮವ್ವ ನಿನ್ನ ಲೆಕ್ಕ ಕೇಳಲಿಲ್ಲ. ನನ್ನ ಪಾಳಿ ಬಂದಾಗ ನೀ ಲೆಕ್ಕ ತಂದಿ."

"ನನ್ನಂಗ ಆಗಬ್ಯಾಡ ಅಂತ ಹೇಳಾಕತ್ತೀನವ್ವ."

"ನನ್ನಂಗ ಆಗು ಅಂತ ಹೇಳಿದಾಕಿನೂ ನೀನ."

ಅಕ್ಕ ಅವಳ ರಟ್ಟೆ ಹಿಡಿದು, "ಸುಮ್ನಿರು, ದೊಡ್ಡಾಕಿ ಅದಾಳ," ಎಂದಳು. ಹುಡುಗಿ ಕಾಗದವನ್ನು ಹರಿಯಲಿಲ್ಲ, ಎಸೆಯಲಿಲ್ಲ. ಮಡಿಚಿ ಚೀಲದಲ್ಲಿಟ್ಟುಕೊಂಡಳು. ಹರಿದಿದ್ದರೆ ನನಗೆ ಇಷ್ಟು ಸಂಕಟವಾಗುತ್ತಿರಲಿಲ್ಲ.

ಟಂಟಂ ಆಟೋ ಹತ್ತುವ ಮುಂಚೆ ಅಕ್ಕ ನನ್ನ ಬಳಿ ಬಂದಳು. "ಆ ಎಂಟು ಕುರಿ ಮಾತು ಇನ್ನ ತೆಗೀಬ್ಯಾಡ. ಬಿಟ್ಟೀನಿ," ಎಂದಳು. ಸಾಲ ಬಿಟ್ಟರೆ ಎದೆ ಹಗುರಾಗಬೇಕಲ್ಲ. ನನಗೆ ಆಗಲಿಲ್ಲ. ಬೇಡ ಅಕ್ಕ, ಕೊಡುತ್ತೇನೆ, ಕೂಲಿ ಮಾಡಿಯಾದರೂ ಕೊಡುತ್ತೇನೆ ಎಂದೆ. ಅವಳು ಕೇಳಿಸಿಕೊಳ್ಳದೆ ಕುರಿಗಳನ್ನು ಒಂದೊಂದಾಗಿ ಎತ್ತಿ ಗಾಡಿಯಲ್ಲಿ ಹಾಕಿಸಿದಳು. ಮಗಳು ಹಿಂದಿನ ಸೀಟಿನಲ್ಲಿ ಅವುಗಳ ನಡುವೆ ಕುಳಿತಳು, ನನ್ನ ಕಡೆ ತಿರುಗಲಿಲ್ಲ.

ನಾನು ಮಾಡಿದ್ದು ಸರಿಯೋ ತಪ್ಪೋ? ಅವಳು ನನಗಿಂತ ಬುದ್ಧಿವಂತೆ. ನನಗೆ ಐದು ಸಲಕ್ಕೆ ಆಗದ ನೆಟ್ ಅವಳಿಗೆ ಒಂದೇ ಸಲಕ್ಕೆ ಆಗುತ್ತಿತ್ತೋ ಏನೋ. ನನ್ನ ಲೆಕ್ಕವನ್ನು ತಂದು ಅವಳ ತಲೆಗೆ ಕಟ್ಟಿದೆನೋ? ಅಥವಾ ಆ ಆರು ಕುರಿ ಹೋಗಿ, ಎರಡು ವರ್ಷದ ಮೇಲೆ ಅವಳೂ ಯಾವುದೋ ಕಾರ್ಯದರ್ಶಿಯ ಮುಂದೆ ಚಹಾ ಕುಡಿಯುತ್ತಾ ಕೂಡುತ್ತಿದ್ದಳೋ? ಬಸ್ಸಿನಲ್ಲಿ ಕೂತಾಗಲೆಲ್ಲ ಇದನ್ನೇ ತೂಗುತ್ತೇನೆ. ಒಂದು ದಿನ ಈ ಕಡೆ ಬಾಗುತ್ತದೆ, ಒಂದು ದಿನ ಆ ಕಡೆ.

ಕಾಲೇಜಿನಲ್ಲಿ ಹೇಳಿದಂತೆಯೇ ಭೂಗೋಳ ಮುಚ್ಚಿದರು. ಬಾಕಿಯಲ್ಲಿ ಎರಡು ತಿಂಗಳದ್ದು ಬಂತು, ಎರಡು ತಿಂಗಳದ್ದು ಬರಲಿಲ್ಲ. ಈಗ ಲಿಂಗಸುಗೂರಿನಲ್ಲಿ ಪೊಲೀಸ್ ಪರೀಕ್ಷೆ ಬರೆಯುವ ಹುಡುಗರಿಗೆ ವಾರಕ್ಕೆರಡು ದಿನ ಕೋಚಿಂಗ್ ಕ್ಲಾಸು ತೆಗೆದುಕೊಳ್ಳುತ್ತೇನೆ. ಕ್ಲಾಸಿಗೆ ಇಷ್ಟು ಎಂದು ಕೊಡುತ್ತಾರೆ. ಅಕ್ಕನಿಗೆ ಫೋನು ಮಾಡಿದರೆ ಎತ್ತುತ್ತಾಳೆ, ಚೆನ್ನಾಗಿದ್ದೀಯಾ ಎನ್ನುತ್ತಾಳೆ. ಮಗಳ ಸುದ್ದಿ ಕೇಳಿದರೆ, "ಅದಾಳ," ಎಂದಷ್ಟೇ ಹೇಳಿ ಬೇರೆ ಮಾತು ತೆಗೆಯುತ್ತಾಳೆ. ಮಗಳು ನನ್ನ ಫೋನು ಎತ್ತುವುದೇ ಇಲ್ಲ.

ಹೋದ ತಿಂಗಳು ಕ್ಲಾಸು ಮುಗಿಸಿ, ಅತ್ತೆಗೆ ಒಂದು ಸೀರೆ ತೆಗೆದುಕೊಳ್ಳಬೇಕು ಎಂದು ಲಿಂಗಸುಗೂರಿನ ಒಂದು ಬಟ್ಟೆ ಅಂಗಡಿಗೆ ಹೋದೆ. ಹಬ್ಬದ ಗದ್ದಲ. ಮೇಲಿನ ಮಹಡಿಯಲ್ಲಿ ಒಂದೇ ಬಣ್ಣದ ಸೀರೆ ಉಟ್ಟ ಹುಡುಗಿಯರು ಸಾಲಾಗಿ ನಿಂತು ಗಿರಾಕಿಗಳಿಗೆ ಸೀರೆ ಬಿಚ್ಚಿ ತೋರಿಸುತ್ತಿದ್ದರು. ನಾನು ಚಪ್ಪಲಿ ಬಿಟ್ಟು ಹಾಸಿನ ಮೇಲೆ ಕೂತು ತಲೆ ಎತ್ತಿದರೆ, ನನ್ನ ಎದುರಿಗೆ ಅಕ್ಕನ ಮಗಳು.

ಸೊರಗಿದ್ದಳು. ಕೂದಲು ಎಳೆದು ಬಿಗಿಯಾಗಿ ಕಟ್ಟಿದ್ದಳು. ನನ್ನನ್ನು ಕಂಡು ಅವಳ ಕೈ ಒಂದು ಗಳಿಗೆ ನಿಂತಿತು. ನಾನು ಬಾಯಿ ತೆರೆದೆ. ಅವಳ ಹಿಂದೆ ಮಾಲಕ ನಿಂತು ಎಲ್ಲರನ್ನೂ ನೋಡುತ್ತಿದ್ದ. ಅವಳು ತನ್ನ ಮುಂದಿದ್ದ ಸೀರೆಗಳನ್ನು ಪಕ್ಕಕ್ಕೆ ಸರಿಸಿ, ಬೇರೆ ಗಿರಾಕಿಗಳನ್ನು ಕೇಳುವ ದನಿಯಲ್ಲೇ ನನ್ನನ್ನು ಕೇಳಿದಳು.

"ಬರ್ರಿ ಮೇಡಂ. ಎಷ್ಟರೊಳಗಿನವು ತೋರಿಸ್ಲಿ?"

"ಐನೂರರೊಳಗ," ಎಂದೆ.